ತಲೆ ಬಾಗಿಸಿದ ಚಿನ್ನಿ

ಬೆಳಿಗ್ಗೆ ಹತ್ತು ಗಂಟೆ. ಮೇಜಿನ ಬಿಳಿ ಬಟ್ಟೆಯ ಮೇಲೆ ಮಸಿ ಚೆಲ್ಲಿತ್ತು.

"ಯಾರು ಮಾಡಿದ್ದು?" ಎಂದರು ಕಮಲಂ ಟೀಚರ್.

ಅದು ೧೯೩೪ರ ಏಪ್ರಿಲ್. ಜಾನ್ ಬೋಸ್ಕೊ ಎಂಬ ಪಾದ್ರಿಯನ್ನು ಆ ತಿಂಗಳ ಮೊದಲ ದಿನ ರೋಮ್‌ನಲ್ಲಿ ಸಂತರೆಂದು ಸಾರಿದ್ದರು. ಊಟಿಯ ಮಿಷನ್ ಶಾಲೆಯಲ್ಲಿ ಅವತ್ತು ಅದರ ಹಬ್ಬ.

ಟೀಚರ್ ಒಬ್ಬೊಬ್ಬರನ್ನೇ ಕೇಳುತ್ತ ಚಿನ್ನಿಯ ಮುಂದೆ ನಿಂತರು. ಅವಳು ಶಾಲೆಗೆ ಸೇರಿದ್ದು ಅವತ್ತೇ. ತಟ್ಟನೆ ತಲೆ ಬಾಗಿಸಿದಳು. ಎತ್ತಲೇ ಇಲ್ಲ.

"ಓಹೋ, ನೀನಾ? ಮನೆಗೆ ನಡಿ. ನಾಳೆ ಅಪ್ಪನ್ನ ಕರ್ಕೊಂಡು ಬಾ."

ಚಿನ್ನಿ ಹೊರಟಳು. ಅದೇ ಕ್ಲಾಸಿನ ವಸಂತಾಮಣಿ ಬೆಂಚಿನ ತುದಿಗೆ ಸರಿದು ನೋಡಿದಳು. ಇಬ್ಬರದೂ ಒಂದೇ ಹಟ್ಟಿ. "ಒಂದು ದೂರು ಬಂದ್ರೂ ಸ್ಕೂಲು ಬಿಡಿಸಿ ಆಲೂಗಡ್ಡೆ ಹೊಲಕ್ಕೆ ಹಾಕ್ತೀನಿ," ಎಂದು ಚಿನ್ನಿಯ ಅಪ್ಪ ಬೆಳಿಗ್ಗೆಯೇ ಹೇಳಿದ್ದ.

ಹಟ್ಟಿಯಲ್ಲಿ ಹಿರಿಯರು ಎದುರಾದರೆ ಕಿರಿಯರು ತಲೆ ಬಾಗಿಸಬೇಕು. ಅವರು ನೆತ್ತಿ ಮುಟ್ಟಿ ಹರಸಿದ ಮೇಲೆಯೇ ಎತ್ತಬೇಕು. ಕೊಯಮತ್ತೂರಿನಿಂದ ಬಂದ ಟೀಚರಿಗೆ ಅದು ಗೊತ್ತಿಲ್ಲ. ಎರಡು ವರ್ಷದ ಹಿಂದೆ ವಸಂತಾಮಣಿಯೂ ಇಲ್ಲಿ ಹಾಗೆ ಬಾಗಿದ್ದಳು. "ಆಡು ಗುಮ್ಮೋಕೆ ಬಂತು!" ಎಂದು ಕ್ಲಾಸಿನ ಪಂಕಜಂ ನಕ್ಕಿದ್ದಳು. ಆಮೇಲೆ ವಸಂತಾಮಣಿ ಶಾಲೆಯಲ್ಲಿ ಬಾಗಲೇ ಇಲ್ಲ.

ಬೆಳಿಗ್ಗೆ ಟೀಚರೇ ಒಂದು ಕತೆ ಹೇಳಿದ್ದರು. ಬಡ ಹುಡುಗನೊಬ್ಬನಿಗೆ ಪೂಜೆಯ ಕ್ರಮ ತಿಳಿಯದೆಂದು ಚರ್ಚಿನ ಆಳು ಹೊಡೆದು ಓಡಿಸಿದ. "ಅವನು ನನ್ನ ಗೆಳೆಯ, ವಾಪಸ್ ಕರಿ," ಎಂದರು ಜಾನ್ ಬೋಸ್ಕೊ. ಹುಡುಗ ಬಂದಾಗ, "ಸಿಳ್ಳೆ ಹಾಕೋಕೆ ಬರುತ್ತಾ?" ಎಂದು ಕೇಳಿ ನಗಿಸಿದರು.

ವಸಂತಾಮಣಿ ಎದ್ದು ಹೊರಗೆ ಓಡಿದಳು.

"ಏಯ್, ಎಲ್ಲಿಗೆ?"

"ಅವಳು ನನ್ನ ಫ್ರೆಂಡ್, ಟೀಚರ್!"

ಗೇಟಿನ ಹತ್ತಿರ ಚಿನ್ನಿಯ ಕೈ ಹಿಡಿದು ಎಳೆತಂದಳು. ಇಬ್ಬರೂ ಟೀಚರ ಮುಂದೆ ಬಾಗಿ ನಿಂತರು.

"ಆಡು ಎರಡಾಯ್ತು!" ಎಂದಳು ಪಂಕಜಂ.

ವಸಂತಾಮಣಿಯ ಕಿವಿ ಬಿಸಿಯಾಯಿತು. ಆದರೂ ತಲೆ ಎತ್ತಲಿಲ್ಲ. "ಇದು ನಮ್ಮ ನಮಸ್ಕಾರ, ಟೀಚರ್. ತಪ್ಪು ಒಪ್ಪಿಕೊಂಡಿದ್ದಲ್ಲ. ನೀವು ನೆತ್ತಿ ಮುಟ್ಟಬೇಕು."

"ಹಾಗಾದ್ರೆ ಮಸಿ?"

ಗಾಳಿಗೆ ಕಿಟಕಿಯ ಬಾಗಿಲು ದಡಕ್ಕನೆ ಒಳಗೆ ಬಂದು ಮೇಜಿಗೆ ಬಡಿಯಿತು. ಮಸಿ ಕುಡಿಕೆ ಇದ್ದದ್ದು ಅಲ್ಲೇ.

"ಅಯ್ಯೋ, ಕುಡಿಕೆ ಅಲ್ಲಿಟ್ಟಿದ್ದು ನಾನೇ," ಎಂದರು ಟೀಚರ್. "ಹೇಗೆ ಮುಟ್ಟಬೇಕಮ್ಮಾ? ಹೀಗಾ?"

"ಎರಡು ಕೈ ಬೇಡ ಟೀಚರ್, ಬಲಗೈ ಸಾಕು," ಎಂದಳು ವಸಂತಾಮಣಿ. ಟೀಚರ್ ಇಬ್ಬರ ನೆತ್ತಿಯನ್ನೂ ಮುಟ್ಟಿದರು.

"ಅಬ್ಬಾ! ಕತ್ತು ನೋಯ್ತಾ ಇತ್ತು," ಎಂದಳು ಚಿನ್ನಿ ತಲೆ ಎತ್ತಿ. ಕ್ಲಾಸಿಗೆ ಕ್ಲಾಸೇ ನಕ್ಕಿತು.

"ನನಗೂ ಟೀಚರ್!" ಪಂಕಜಂ ತಲೆ ಮುಂದೆ ಚಾಚಿದಳು. ಅವಳ ಹಿಂದೆ ಸಾಲು ಬೆಳೆಯಿತು.

ಟೀಚರ ಕೈ ಬೆಚ್ಚಗಿತ್ತು. ಈ ಶಾಲೆಯಲ್ಲಿ ತನ್ನ ನೆತ್ತಿಯನ್ನು ಯಾರಾದರೂ ಮುಟ್ಟಿದ್ದು ಇದೇ ಮೊದಲು ಎಂದು ವಸಂತಾಮಣಿಗೆ ಆಗ ಹೊಳೆಯಿತು.

ಮಧ್ಯಾಹ್ನ ಹಬ್ಬದ ಆಟಗಳಲ್ಲಿ, ಮೂರು ಕಾಲಿನ ಓಟಕ್ಕೆ ಅವಳೂ ಚಿನ್ನಿಯೂ ಒಂದೊಂದು ಕಾಲು ಸೇರಿಸಿ ಕಟ್ಟಿಕೊಂಡು ಓಡಿದರು. ಎಲ್ಲರಿಗಿಂತ ಕೊನೆಗೆ ಬಂದರು.