ಕೇಳಿಸಿದರೆ ಕೈ ಎತ್ತಿ

"ಅಮ್ಮನ ಬೆನ್ನ ಹಿಂದೆ ನಿಂತ್ಕೊಂಡು ಏನಾದ್ರೂ ಮಾತಾಡಿ," ಎಂದಳು ಕಿವಿ ಮೇಡಂ.

"ಏನು ಮಾತಾಡ್ಲಿ?" ಬೇಕರಿಯವನು ಕಕ್ಕಾಬಿಕ್ಕಿಯಾದ. ಅವನ ಒಂದು ಹುಬ್ಬಿನ ಮೇಲೆ ಮೈದಾ ಹಿಟ್ಟು ಹಾಗೇ ಕೂತಿತ್ತು. ನಗು ತಡೆಯಲು ಅವಳು ತುಟಿ ಕಚ್ಚಿಕೊಳ್ಳಬೇಕಾಯಿತು.

"ಏನಾದ್ರೂ ಸರಿ. ಮೊದಲು ಕೇಳಿಸೋದು ಮನೆಯವರ ಧ್ವನಿ ಆಗ್ಬೇಕು. ಅದು ನನ್ನ ರೂಲು."

ಕಿವಿ ಪರೀಕ್ಷಿಸಿ ಮೆಷಿನ್ ಕೂರಿಸುವುದು ಅವಳ ಕೆಲಸ. ಅದಕ್ಕೇ ಊರೆಲ್ಲ ಅವಳಿಗೆ ಕಿವಿ ಮೇಡಂ ಎಂದೇ ಹೆಸರು. ಅವನ ಅಮ್ಮನ ಕಿವಿಯ ಮೆಷಿನ್ ಆನ್ ಮಾಡಿ, ಗೋಡೆಯತ್ತ ತಿರುಗಿ ನಿಂತಳು. ಅದೂ ಅವಳ ರೂಲೇ.

"ಅಮ್ಮಾ... ನಾನು ಓವನ್ ಆಫ್ ಮಾಡಿ ಬಂದ್ನಾ?"

ಆಡಲು ಬೇರೆ ಮಾತೇ ಸಿಗಲಿಲ್ಲವೇ ಪುಣ್ಯಾತ್ಮನಿಗೆ! ಆದರೆ ಅಮ್ಮ ಗರಬಡಿದವಳಂತೆ ಕೂತುಬಿಟ್ಟಳು. ಮಗನಿಗೆ ಮೀಸೆ ಮೂಡುವ ಮೊದಲೇ ಅವಳ ಕಿವಿ ಕೈಕೊಟ್ಟಿತ್ತು. ಮೆಷಿನ್ ಬೇಡವೆಂದು ಇಷ್ಟು ವರ್ಷ ಹಟ ಹಿಡಿದಿದ್ದಳು.

"ಲೋ, ಇದು ನಿಮ್ಮಪ್ಪನ ಧ್ವನಿ ಕಣೋ!" ಎಂದಳು, ತೀರಿಹೋದ ಗಂಡನನ್ನು ನೆನೆದು. "ಯಾವಾಗ ಬಂತೋ ನಿನಗೆ ಇದು?" ಎಂದು ಅವನ ಕೈ ಹಿಡಿದುಕೊಂಡು ಗೊಳೋ ಎಂದು ಅತ್ತಳು.

ಹೊರಡುವಾಗ ಬೇಕರಿಯವನು ಅವಳ ಒದ್ದೆ ಕಣ್ಣು ನೋಡಿ ಬಾಗಿಲಲ್ಲಿ ನಿಂತ. "ದಿನಾ ಮಾಡೋ ಕೆಲಸಕ್ಕೆ ದಿನಾ ಅಳ್ತೀರಾ ಮೇಡಂ?"

"ಅಳೋದಲ್ಲ ಅದು."

"ಮತ್ತೆ?"

"ನಮಸ್ಕಾರ."

"ಯಾರಿಗೆ?"

"ಯಾರಿಗೂ ಇಲ್ಲ. ಮೊದಲು ಹುಬ್ಬು ಒರೆಸ್ಕೊಳ್ಳಿ."

ಅಲ್ಲಿಂದ ಶುರುವಾಯಿತು ನೋಡಿ. ಬ್ಯಾಟರಿ ಮುಗಿಯಿತು ಎಂದು ಬಂದ. ಮೆಷಿನ್ ಗುಂಯ್ ಅನ್ನುತ್ತದೆ ಎಂದು ಬಂದ. ಪ್ರತಿ ಸಲವೂ ಕೈಯಲ್ಲಿ ಬಿಸಿ ಬನ್ನಿನ ಪೊಟ್ಟಣ. "ನಿಮ್ಮಮ್ಮ ಬ್ಯಾಟರಿ ತಿಂತಾರೇನ್ರೀ?" ಎಂದು ಅವಳು ರೇಗಿಸಿದಳು. ಅವನು ಕೆನ್ನೆ ಕೆಂಪಾಗಿಸಿಕೊಂಡು ಬ್ಯಾಟರಿಯನ್ನು ಬಿಟ್ಟೇ ಹೋದ. ಬೇಸಿಗೆ ಕಳೆಯುವುದರೊಳಗೆ 'ನೀವು' ಹೋಗಿ 'ನೀನು' ಬಂದಿತ್ತು. ಅವನಿಲ್ಲದ ಸಂಜೆ ಅವಳಿಗೆ ಸಪ್ಪೆ ಎನಿಸತೊಡಗಿತ್ತು.

ಅಮ್ಮ ಊಟಕ್ಕೆ ಕರೆದ ದಿನ ಅವನು ಬಾಗಿಲಲ್ಲೇ ಪಿಸುಗುಟ್ಟಿದ. "ಅಮ್ಮನಿಗೆ ದೇವರೆಂದ್ರೆ ಪ್ರಾಣ. ನಂಬದವಳನ್ನ ಸೊಸೆ ಮಾಡ್ಕೊಳ್ಳಲ್ಲ ಅಂತಾಳೆ. ಕೇಳಿದ್ರೆ ಹೂಂ ಅಂದ್ಬಿಡು. ಒಂದಕ್ಷರ."

"ಒಂದಕ್ಷರ ಆದ್ರೆ ಸುಳ್ಳಲ್ವಾ?"

ತಟ್ಟೆ ಖಾಲಿಯಾಗುವ ಮೊದಲೇ ಅಮ್ಮ ಕೇಳಿಯೇಬಿಟ್ಟಳು. "ದೇವರನ್ನ ನಂಬ್ತೀಯೇನಮ್ಮಾ?"

ಮೇಜಿನ ಕೆಳಗೆ ಬೇಕರಿಯವನು ಅವಳ ಕಾಲು ತುಳಿದ.

"ಇಲ್ಲಮ್ಮಾ. ಮೇಲೆ ಕೂತು ಕೊಡೋನು, ಕಸ್ಕೊಳ್ಳೋನು ಯಾರೂ ಇಲ್ಲ." ಕಾಲನ್ನು ಹಿಂದಕ್ಕೆಳೆದುಕೊಂಡಳು, ಮಾತು ನಿಲ್ಲಿಸಲಿಲ್ಲ. "ಆದ್ರೆ ದೈವ ಅನ್ನೋದನ್ನ ನಾನು ಕಂಡಿದ್ದೀನಿ. ಆವತ್ತು ನೀವು ಮಗನ ಧ್ವನಿ ಕೇಳಿದ್ರಲ್ಲ, ಆಗ ಆ ರೂಮಲ್ಲಿತ್ತು. ಮೈ ಜುಮ್ ಅಂತು. 'ನಾನು' ಅನ್ನೋದೇ ಮರೆತುಹೋಯ್ತು. ಅದು ಒಬ್ಬ ಯಾರೋ ಅಲ್ಲ. ಬೇಡಿದ್ರೆ ಬರಲ್ಲ, ಬೈದ್ರೆ ಮುನಿಯಲ್ಲ. ಬಂದಾಗ ತಲೆ ತಾನಾಗೇ ಬಗ್ಗುತ್ತೆ, ಅಷ್ಟೆ."

ಅಮ್ಮನ ಮುಖ ಅರಳಿತು. "ಅಯ್ಯೋ ಹುಚ್ಚಿ, ಅದನ್ನೇ ಅಲ್ವೇನೇ ನಾವು ದೇವರು ಅನ್ನೋದು! ಹೂಂ ಅನ್ನು, ಮುಗೀತು."

ಬೇಕರಿಯವನು ಅವಳನ್ನೇ ನೋಡಿದ. ಹೂಂ ಎಂದರೆ ಈ ಮನೆ ಅವಳದು, ಹಿಟ್ಟು ಮೆತ್ತಿದ ಆ ಹುಬ್ಬೂ ಅವಳದು. ಅಡ್ಡಗೋಡೆ ಮೇಲೆ ದೀಪ ಇಟ್ಟಂತೆ ಒಂದು ಮಾತು ಹೇಳಿದ್ದರೂ ಸಾಕಿತ್ತು.

"ಅಲ್ಲಮ್ಮಾ. ನಿಮ್ಮ ದೇವರು ನಿಮಗಿರಲಿ, ನನ್ನದಕ್ಕೆ ಆ ಹೆಸರು ಹಚ್ಬೇಡಿ. ಒಂದು ಮೆಷಿನ್ನು, ಒಬ್ಬ ಮಗ, ಒಬ್ಬ ತಾಯಿ. ಅಷ್ಟರಿಂದಲೇ ಆಗಿದ್ದು ಅದು. ಅದಕ್ಕೇ ನನಗದು ಅಷ್ಟು ದೊಡ್ಡದು."

ಅಮ್ಮ ಕಿವಿಯಿಂದ ಮೆಷಿನ್ ಕಿತ್ತು, ಡಬ್ಬಿಗೆ ಹಾಕಿ, ಮುಚ್ಚಳ ಟಪ್ಪೆನಿಸಿದಳು. ಬೇಡದ ಮಾತಿಗೆ ಅವಳು ಬಾಗಿಲು ಹಾಕುತ್ತಿದ್ದುದು ಹಾಗೆ. ಬೇಕರಿಯವನು ತಟ್ಟೆ ನೋಡುತ್ತ ಕೂತ. ಕಿವಿ ಮೇಡಂಗೆ ನೋವಾದದ್ದು ಆ ಡಬ್ಬಿಯಿಂದಲ್ಲ, ಅವನು ಕಣ್ಣು ನೆಟ್ಟ ಆ ತಟ್ಟೆಯಿಂದ. ಎದ್ದು ಬಂದುಬಿಟ್ಟಳು.

ಮರುದಿನ ಬೆಳಗ್ಗೆ ಎಂದಿನಂತೆ ಗಾಜಿನ ಕಿಟಕಿಯ ಟೆಸ್ಟ್ ರೂಮಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂತಳು. ಪೇಷೆಂಟ್‌ಗಳು ಬರುವ ಮೊದಲು ಹೊರಗಿನಿಂದ ನರ್ಸ್ ಸದ್ದು ಕಳಿಸಬೇಕು, ಇವಳು ಹೆಡ್‌ಫೋನ್ ಸರಿಯಿದೆಯೇ ಎಂದು ಪರೀಕ್ಷಿಸಬೇಕು. ಅತ್ತು ಕಣ್ಣು ಊದಿದ್ದವು. ಯಾರಿಗೂ ಕಾಣದಿರಲೆಂದು ಮುಚ್ಚಿಕೊಂಡಿದ್ದಳು.

"ಕೇಳಿಸಿದ್ರೆ ಕೈ ಎತ್ತಿ," ಎಂದಿತು ಹೆಡ್‌ಫೋನ್. ನರ್ಸ್ ಅಲ್ಲ!

ಕಣ್ಣು ಬಿಟ್ಟರೆ ಕಿಟಕಿಯಾಚೆ ಮೈಕಿನ ಮುಂದೆ ಬೇಕರಿಯವನು.

"ನಿನ್ನೆ ನಾನು ಹೇಡಿ ಥರ ಕೂತೆ. ನೀನು ಹೋದ್ಮೇಲೆ ಅಮ್ಮ ಮೆಷಿನ್ ಹಾಕ್ಕೊಳ್ಳೋವರೆಗೂ ಕೂಗಿ ಕೂಗಿ ಹೇಳಿದೆ, ಬೀದಿಗೆಲ್ಲ ಕೇಳಿಸ್ತು. ಮದುವೆ ಅಂತ ಆದ್ರೆ ನಿನ್ನನ್ನೇ. ಇನ್ಮೇಲೆ ನಿನ್ನ ಬಾಯಿಂದ ಸುಳ್ಳು ಕೇಳಲ್ಲ."

ಅವಳು ಬೇಕೆಂದೇ ಕೈ ಕಟ್ಟಿದಳು.

"ಕೇಳಿಸ್ಲಿಲ್ವಾ? ವಾಲ್ಯೂಮ್ ಜಾಸ್ತಿ ಮಾಡ್ಲಾ?"

"ಸರಿಯೋ ಆ ಕಡೆ!" ಅಮ್ಮ ಮಗನನ್ನು ನೂಕಿ ಮೈಕಿಗೆ ಬಾಯಿ ಹಚ್ಚಿದಳು. "ನೋಡಮ್ಮಾ, ನಿನ್ನ ಮಾತು ನಾನು ಒಪ್ಪಲ್ಲ. ಸಾಯೋವರೆಗೂ ಒಪ್ಪಲ್ಲ. ನನ್ನ ದೇವರ ಹತ್ರ ನಿನ್ನ ಮೇಲೆ ದಿನಾ ದೂರು ಹೇಳ್ತೀನಿ. ಆದ್ರೆ ಮಗನ ಮೇಲಿನ ಆಸೆಗೂ ಸುಳ್ಳು ಹೇಳದವಳನ್ನ ಬಿಟ್ಟುಕೊಡೋಕೆ ನನಗೇನು ಹುಚ್ಚಾ? ಬಾ, ಜಗಳ ಆಡ್ಕೊಂಡೇ ಇರೋಣ. ನಾನು ಮೆಷಿನ್ ತೆಗೆಯಲ್ಲ."

ಅವಳ ಮೈ ಜುಮ್ಮೆಂದಿತು. ಅದು ಬಂದಿತ್ತು, ಕರೆಯದೆಯೇ. ರೂಲಿನ ಪ್ರಕಾರ ಗೋಡೆಯತ್ತ ತಿರುಗಬೇಕಿತ್ತು. ತಿರುಗಲಿಲ್ಲ. ಕಣ್ಣೀರು ಸುರಿಯುತ್ತಿದ್ದಂತೆಯೇ ಗಾಜಿನಾಚೆಯ ಇಬ್ಬರನ್ನೂ ನೇರವಾಗಿ ನೋಡುತ್ತ, ಎರಡೂ ಕೈ ಎತ್ತಿದಳು.