ಹನ್ನೊಂದನೆಯ ಕಿತ್ತಳೆ ಪೆಟ್ಟಿಗೆ

ಹತ್ತು ವರ್ಷ, ಡಿಸೆಂಬರ್ ಇಪ್ಪತ್ತು ದಾಟುತ್ತಿದ್ದಂತೆ ನನ್ನ ಹೆಸರಿಗೆ ಒಂದು ಪೆಟ್ಟಿಗೆ ಕಿತ್ತಳೆ ಬರುತ್ತಿತ್ತು. ಕಳಿಸುತ್ತಿದ್ದವನು ಇಸಾಮು ಫುಕುಮಿತ್ಸು, ಹೊನೊಲುಲುವಿನಿಂದ. ಒಳಗೆ ಕಾಗದವಿಲ್ಲ, "ಹೇಗಿದ್ದೀಯ" ಎಂಬ ಒಂದು ಚೀಟಿಯೂ ಇಲ್ಲ. ನಮ್ಮೂರ ಪೋಸ್ಟ್ ಆಫೀಸಿನ ಕೌಂಟರಿನಲ್ಲಿ ಕೂರುವವಳು ನಾನೇ. ಹಾಗಾಗಿ ಪೆಟ್ಟಿಗೆ ಮುಟ್ಟಿದ್ದಕ್ಕೆ ನಾನೇ ಕಾರ್ಡಿನ ಮೇಲೆ ಸಹಿ ಹಾಕಿ, ನಾನೇ ಮುದ್ರೆ ಒತ್ತಿ, ಅವನ ವಿಳಾಸಕ್ಕೆ ವಾಪಸ್ ಕಳಿಸಿ, ಸಂಜೆ ಪೆಟ್ಟಿಗೆಯನ್ನು ಮನೆಗೆ ಹೊತ್ತುಕೊಂಡು ಹೋಗುತ್ತಿದ್ದೆ.

ಅದು ಪ್ರೇಮದ ಕಾಣಿಕೆಯಲ್ಲ, ಕ್ಷಮೆ ಕೇಳುವ ಪೆಟ್ಟಿಗೆ. ನನ್ನ ಬಲಗೈ ತೋರುಬೆರಳು ಸೊಟ್ಟಗಾದದ್ದು ಅವನಿಂದ ಎಂದು ಊರೆಲ್ಲ ನಂಬಿತ್ತು. ಅವನೂ ನಂಬಿದ್ದ. ನಂಬದೇ ಇದ್ದವಳು ನಾನೊಬ್ಬಳೇ.

ಎಂಬತ್ತೊಂಬತ್ತರ ಡಿಸೆಂಬರಿನಲ್ಲಿ ಪೆಟ್ಟಿಗೆ ಟಪಾಲಿನಲ್ಲಿ ಬರಲಿಲ್ಲ. ಹೊತ್ತುಕೊಂಡು ಅವನೇ ಬಂದ.

"ಸ್ಟಾಂಪಾ, ಪಾರ್ಸಲ್ಲಾ?" ತಲೆ ಎತ್ತದೆ ಕೇಳಿದೆ.

"ಪಾರ್ಸಲ್ಲು. ಆದ್ರೆ ಕಳಿಸೋದೇನೂ ಬೇಡ. ತಗೊಳ್ಳೋರು ಎದುರಿಗೇ ಕೂತಿದಾರೆ."

ತಲೆ ಎತ್ತಿದೆ. ಕನ್ನಡಕ ಬಂದಿತ್ತು, ಕಿವಿಯ ಹತ್ತಿರ ನಾಲ್ಕು ಬಿಳಿ ಕೂದಲು. ಉಳಿದಂತೆ ಅದೇ ಇಸಾಮು. ಗೋಡೆಯ ಗಡಿಯಾರ ನೋಡಿದ, ತಕ್ಕಡಿ ನೋಡಿದ, ನನ್ನ ಕಿವಿಯೋಲೆ ನೋಡಿದ. ಕೌಂಟರಿನ ಮೇಲಿದ್ದ ನನ್ನ ಬಲಗೈ ಒಂದನ್ನು ಬಿಟ್ಟು ಎಲ್ಲವನ್ನೂ ನೋಡಿದ.

"ದಪ್ಪ ಆಗಿದೀಯ" ಎಂದೆ. ಹನ್ನೊಂದು ವರ್ಷದ ಮೇಲೆ ಎದುರಾದವನಿಗೆ ಆಡುವ ಮೊದಲ ಮಾತೇ ಇದು? ನನ್ನ ಬಾಯಿಗಿಷ್ಟು ಬೆಂಕಿ ಹಾಕ!

ಅವನು ನಕ್ಕ. "ನಿನ್ನ ಬಾಯಿ ಮಾತ್ರ ಒಂಚೂರೂ ಸೊರಗಿಲ್ಲ." ಮರುಕ್ಷಣವೇ ಮುಖ ಸಣ್ಣಗಾಯಿತು. "ಡೆಲ್ಫಿ, ಒಂದು ಉಪಕಾರ ಮಾಡು. ಅಜ್ಜಿಗೆ ಎಂಬತ್ತೆಂಟು ತುಂಬ್ತು. ಈ ಹೊಸ ವರ್ಷಕ್ಕೆ ಒರಳಲ್ಲಿ ಕುಟ್ಟಿದ ಮೋಚೀನೇ ಬೇಕಂತೆ. ಅದೂ ನಾನೇ ಕುಟ್ಬೇಕಂತೆ."

"ಕುಟ್ಟು ಮತ್ತೆ."

"ಆಗಲ್ಲ ಕಣೇ. ನಾನು ಕೊಡತಿ ಮುಟ್ಟಲ್ಲ. ನೀನಾದ್ರೂ ಹೇಳು ಅವಳಿಗೆ. ನಿನ್ನ ಮಾತಾದ್ರೆ ಕೇಳ್ತಾಳೆ."

ಪೆಟ್ಟಿಗೆ ಇಟ್ಟು ಹೊರಟುಹೋದ. ಸಾಲಿನಲ್ಲಿ ಹಿಂದೆ ನಿಂತಿದ್ದ ಶ್ರೀಮತಿ ಕಬ್ರಾಲ್ ಎರಡು ಸಲ ಕೆಮ್ಮಿದ ಮೇಲೆಯೇ ನನಗೆ ಸ್ಟಾಂಪು ಹರಿಯುವ ನೆನಪಾದದ್ದು.

*

ನಾವು ಪೋರ್ಚುಗೀಸರು. ಅಪ್ಪ ಸಕ್ಕರೆ ಗಿರಣಿಯಲ್ಲಿ ಫಿಟ್ಟರು. ನಮ್ಮ ದ್ವೀಪದ ಹಾಮಾಕುವಾ ಕರಾವಳಿಯ ಕಬ್ಬಿನ ಗದ್ದೆಗಳ ನಡುವೆ ನಮ್ಮ ಕೆಲಸಗಾರರ ಕ್ಯಾಂಪು, ಬೇಲಿಯಾಚೆ ಜಪಾನೀಯರಾದ ಫುಕುಮಿತ್ಸು ಅವರ ಮನೆ. ಆ ಬೇಲಿಗೆ ಗೇಟು ಇರಲಿಲ್ಲ, ನಾನು ನುಸುಳಿ ನುಸುಳಿ ಮಾಡಿದ ಒಂದು ಕಂಡಿ ಇತ್ತು. ಚಪ್ಪಲಿ ಬಾಗಿಲಲ್ಲಿ ಬಿಟ್ಟು, ಒಳಗೆ ಹೋಗಿ, ಮತ್ಸುಯೊ ಅಜ್ಜಿಯ ಪಕ್ಕ ಮಂಡಿಯೂರಿ ಕೂತರೆ ಆಯಿತು, ಅದು ನನ್ನ ಮನೆ. ಅಜ್ಜಿ ಬಾಯಿಗಿಡುತ್ತಿದ್ದ ಉಪ್ಪು ಹಾಕಿದ ಪ್ಲಮ್ ಕಾಯಿಗೆ ಅವಳ ಮೊಮ್ಮಗನೇ ಮುಖ ಕಿವುಚುತ್ತಿದ್ದ. ನಾನು ಬೀಜವನ್ನೂ ಚೀಪುತ್ತಿದ್ದೆ.

ಆಗಸ್ಟಿನಲ್ಲಿ ತೀರಿಹೋದ ಹಿರಿಯರು ಮನೆಗೆ ಬರುತ್ತಾರೆಂದು ದೇವಸ್ಥಾನದ ಅಂಗಳದಲ್ಲಿ ಕಾಗದದ ದೀಪ ಕಟ್ಟಿ ಸುತ್ತುಕಟ್ಟಿ ಕುಣಿಯುತ್ತಿದ್ದರು. ಅಜ್ಜಿ ತನ್ನ ಹಳೆಯ ನೀಲಿ ಕಿಮೋನೊ ಕತ್ತರಿಸಿ ನನ್ನಳತೆಗೆ ಹೊಲಿದುಕೊಟ್ಟಿದ್ದಳು. ಕೆಂಚು ಕೂದಲಿನ ನಾನು ಅದನ್ನುಟ್ಟು, ಡೋಲಿನ ಲಯಕ್ಕೆ ಮೂರು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ ಇಡುತ್ತಿದ್ದರೆ ಅಪ್ಪ ಬೇಲಿಗೊರಗಿ ನಗುತ್ತಿದ್ದ. "ಆಸ್ಪತ್ರೇಲಿ ಮಗು ಅದಲುಬದಲಾಗಿದೆ." ಅಮ್ಮ, "ಆಗ್ಲಿ ಬಿಡಿ. ಊಟದ ಖರ್ಚಾದ್ರೂ ಅವರದು" ಎನ್ನುತ್ತಿದ್ದಳು.

ಇಷ್ಟೆಲ್ಲದರಲ್ಲಿ ನನ್ನ ಜೀವ ಇದ್ದದ್ದು ವರ್ಷದ ಕೊನೆಗೆ ಮೋಚಿ ಎಂಬ ಅಂಟಕ್ಕಿಯ ಉಂಡೆಗೆ ಕುಟ್ಟುವ ದಿನದಲ್ಲಿ. ರಾತ್ರಿಯೆಲ್ಲ ನೆನೆದ ಅಂಟಕ್ಕಿಯನ್ನು ಮರದ ಪೆಟ್ಟಿಗೆಗಳಲ್ಲಿ ಆವಿಯಲ್ಲಿ ಬೇಯಿಸಿ, ಹಬೆಯಾಡುತ್ತಿರುವಂತೆಯೇ ಕಲ್ಲಿನ ಒರಳಿಗೆ ಸುರಿಯುತ್ತಾರೆ. ಒಬ್ಬ ಉದ್ದ ಹಿಡಿಯ ಮರದ ಕೊಡತಿಯಿಂದ ಕುಟ್ಟುತ್ತಾನೆ. ಒಬ್ಬಳು ಒರಳ ಪಕ್ಕ ಕೂತು, ಕೈ ಒದ್ದೆ ಮಾಡಿಕೊಂಡು, ಹಿಟ್ಟು ತಿರುವುತ್ತಾಳೆ. ಕೊಡತಿ ಮೇಲೆ ಹೋದಾಗ ಕೈ ಒಳಗೆ, ಕೆಳಗೆ ಬರುವಾಗ ಕೈ ಹೊರಗೆ. ಅವನು "ಹೋ" ಎಂದರೆ ಇವಳು "ಹೈ". ನಡುವೆ ಉಸಿರು ಬಿಡುವಷ್ಟು ಸಮಯವೂ ಇಲ್ಲ.

ನಲವತ್ತು ವರ್ಷ ಹಿಟ್ಟು ತಿರುವಿದ ಅಜ್ಜಿ ತನ್ನ ಜಾಗಕ್ಕೆ ಮನೆಯ ಸೊಸೆಯರನ್ನೆಲ್ಲ ಬಿಟ್ಟು ಬೇಲಿಯಾಚೆಯ ನನ್ನನ್ನು ಆರಿಸಿದಳು. ನನಗಾಗ ಹದಿನಾಲ್ಕು. "ಇವಳ ಕೈಗೆ ಹೆದರಿಕೆ ಗೊತ್ತಿಲ್ಲ" ಎಂದಳು. ಕಲಿಸಿದ ನಿಯಮ ಎರಡೇ. ಕಣ್ಣು ಹಿಟ್ಟಿನ ಮೇಲಿರಬೇಕು, ಎದುರಿನವರ ಮುಖದ ಮೇಲಲ್ಲ. ಕೋಪ ಇಟ್ಟುಕೊಂಡು ಒರಳ ಹತ್ತಿರ ಬರಬಾರದು.

ಅದೇ ವರ್ಷ ಹದಿನಾರರ ಇಸಾಮು ಕೊಡತಿ ಹಿಡಿದ. ಐದು ಡಿಸೆಂಬರ್ ನಾವಿಬ್ಬರೂ ಜೋಡಿ. ಒಬ್ಬರ ಮುಖ ಒಬ್ಬರು ನೋಡದೆ, ಅವನ ಉಸಿರು ಯಾವಾಗ ಒಳಗೆ ಹೋಗುತ್ತದೆ, ಯಾವಾಗ ಹೊರಬರುತ್ತದೆ ಎಂದು ನನ್ನ ಬೆರಳುಗಳಿಗೆ ಬಾಯಿಪಾಠವಾಗಿತ್ತು. ಅವನ ಮೇಲೆ ನನಗೆ ಮನಸ್ಸು ಯಾವತ್ತು ಬಂತು ಎಂದು ಕೇಳಿದರೆ ತಾರೀಖು ಹೇಳಲಾರೆ. ಅಷ್ಟು ಪೆಟ್ಟುಗಳಲ್ಲಿ ಯಾವುದೋ ಒಂದು ಪೆಟ್ಟಿನ ನಡುವೆ ಬಂದಿರಬೇಕು.

ಎಪ್ಪತ್ತೆಂಟರಲ್ಲಿ ಅವನು ಹೊನೊಲುಲುವಿನ ಕಾಲೇಜಿನಿಂದ ರಜಕ್ಕೆ ಬರುವಾಗ ಜೊತೆಗೆ ಕೆಲವು ಸ್ನೇಹಿತರು ಬಂದರು. ಅವರಲ್ಲಿ ಬಿಳಿ ಸ್ವೆಟರಿನ ಒಬ್ಬಳು, ಕೊರಳಲ್ಲಿ ಕ್ಯಾಮೆರಾ. ನಾವು ಕುಟ್ಟುತ್ತಿದ್ದೇವೆ. ಇವಳು ಒಂದೇ ಸಮನೆ, "ಇಸಾಮು, ಒಂದ್ಸಲ ಈ ಕಡೆ ನೋಡೋ! ಫೋಟೋ!" ಅವನು ನೋಡಲಿಲ್ಲ. ಆದರೆ ನಕ್ಕ. ಆ ನಗು ಅವಳಿಗೆ ಸಂದಿತು. ಐದು ವರ್ಷ ಕುಟ್ಟಿದರೂ ನನಗೆ ಸಿಗದ ನಗು!

ಹೊಟ್ಟೆ ಉರಿದುಹೋಯಿತು. ಒಂದೇ ಒಂದು ಎಣಿಕೆ ಕೈ ತಡವಾಗಿ ತೆಗೆಯುತ್ತೇನೆ, ಬೆಚ್ಚಿಬಿದ್ದು ನನ್ನ ಮುಖ ನೋಡಲಿ, ಎಂದುಕೊಂಡೆ. ತೆಗೆಯಬೇಕಾದಾಗ ತೆಗೆಯಲಿಲ್ಲ.

ಬೆಚ್ಚಲು ಅವನಿಗೆ ಸಮಯವೇ ಸಿಗಲಿಲ್ಲ. ಬೆರಳಿನ ಎಲುಬು ಮುರಿದ ಸದ್ದು ನನಗೆ ಈಗಲೂ ಕೇಳುತ್ತದೆ.

ನೋವಿನಲ್ಲಿ ನಾನು ಕಿರುಚುತ್ತಿದ್ದೆ. ಅವನು ಕೊಡತಿ ಎಸೆದು, ಒದ್ದೆ ನೆಲಕ್ಕೆ ಹಣೆ ಹಚ್ಚಿ, "ತಪ್ಪಾಯ್ತು, ತಪ್ಪಾಯ್ತು" ಎನ್ನುತ್ತಲೇ ಇದ್ದ. ಅವನಪ್ಪ ಎಲ್ಲರೆದುರು ಬೈದ. ಬೆರಳಿನ ಪಟ್ಟಿ ಬಿಚ್ಚುವ ಹೊತ್ತಿಗೆ ಅವನು ಹೊನೊಲುಲು ಸೇರಿ ತಿಂಗಳಾಗಿತ್ತು. ಬಿಳಿ ಸ್ವೆಟರಿನವಳು ಇನ್ಯಾರನ್ನೋ ಮದುವೆಯಾದಳು. ಇವನು ಮಾತ್ರ ಊರ ಕಡೆ ತಲೆ ಹಾಕಲಿಲ್ಲ. ಇವನ ತಾದಾಶಿ ಚಿಕ್ಕಪ್ಪ ಮೋಚಿ ಮಾಡುವ ಕರೆಂಟಿನ ಮಶೀನು ಕೊಂಡುತಂದರು. ಅಜ್ಜಿ ಅದರ ಮೋಚಿ ತಿಂದು "ಗೋಂದು" ಎಂದಳು.

ಮರುವರ್ಷ ಮೊದಲ ಪೆಟ್ಟಿಗೆ ಬಂತು. "ಒಳ್ಳೇ ಹುಡುಗ, ಮರೆತಿಲ್ಲ ನೋಡು" ಎಂದ ಅಪ್ಪ. ಆ ರಾತ್ರಿಯೇ ಕಾಗದ ಬರೆಯಬೇಕಿತ್ತು, 'ತಪ್ಪು ನಿನ್ನದಲ್ಲ' ಎಂದು. ಪೆನ್ನು ಹಿಡಿದೆ, ಇಟ್ಟೆ. ಯಾಕೆ ಗೊತ್ತೆ? ನಾಚಿಕೆ ಒಂದು. ಇನ್ನೊಂದು ಅದಕ್ಕಿಂತ ಕೆಟ್ಟದ್ದು. ಸತ್ಯ ಹೇಳಿದರೆ ಕಿತ್ತಳೆ ಬರುವುದು ನಿಂತುಹೋಗುತ್ತದಲ್ಲ! ವರ್ಷಕ್ಕೊಮ್ಮೆ ಅವನ ಕೈಬರಹದಲ್ಲಿ ನನ್ನ ಹೆಸರು ನೋಡುವ ಆಸೆಗೆ ನಾನು ಅವನ ತಲೆಯ ಮೇಲಿನ ಭಾರ ಇಳಿಸಲಿಲ್ಲ.

*

ಮೂವತ್ತನೇ ತಾರೀಖು ಬೆಳಿಗ್ಗೆ ಕಂಡಿಯಲ್ಲಿ ನುಸುಳಿ ಅಜ್ಜಿಯ ಬಳಿ ಹೋದೆ. ಅಂಗಳದಲ್ಲಿ ಒಲೆ ಉರಿಯುತ್ತಿತ್ತು. ಅಜ್ಜಿ ಕುರ್ಚಿಯ ಮೇಲೆ, ಕಾಲಿಗೆ ಕಂಬಳಿ ಹೊದ್ದು ಕೂತಿದ್ದಳು.

"ಅಜ್ಜಿ, ಇಸಾಮು ಕೈಲಿ ಕುಟ್ಸೋದು ಬೇಡ. ಪಾಪ, ಅವನಿಗೆ ಆಗಲ್ವಂತೆ."

"ಆಗುತ್ತೆ. ನೀನು ಹೇಳಿದ್ರೆ ಆಗುತ್ತೆ."

"ಏನು ಹೇಳಲಿ?"

ಅಜ್ಜಿ ನನ್ನ ಸೊಟ್ಟ ಬೆರಳನ್ನು ಹಿಡಿದುಕೊಂಡಳು. "ನಲವತ್ತು ವರ್ಷ ಆ ಒರಳಲ್ಲಿ ಕೈಯಾಡಿಸಿದೋಳು ನಾನು. ತಪ್ಪಿದ್ದು ಕೊಡತಿಯೋ ಕೈಯೋ ಗೊತ್ತಾಗಲ್ವೇನೇ?"

ಭೂಮಿ ಬಾಯಿಬಿಡಬಾರದೇ ಎನಿಸಿತು. "ಗೊತ್ತಿತ್ತಾ? ಮತ್ತೆ ಯಾಕೆ ಸುಮ್ನಿದ್ರಿ?"

"ನಿನ್ನ ಬಾಯಿಂದ ಬರ್ಬೇಕಾದ ಮಾತು, ನಾನ್ಯಾಕೆ ಆಡ್ಲಿ? ಇವತ್ತು ಬರುತ್ತೆ, ನಾಳೆ ಬರುತ್ತೆ ಅಂತ ಕಾದೆ. ಊರಿನ ವಿಷ್ಯಕ್ಕೆಲ್ಲ ನಿನ್ನ ಬಾಯಿ ಮುಂದು, ಇದೊಂದಕ್ಕೆ ಬೀಗ! ಎಂಬತ್ತೆಂಟಾಯ್ತು ತಾಯಿ, ಇನ್ನು ಕಾಯೋಕೆ ನನ್ನ ಕೈಲಾಗಲ್ಲ."

ಅಷ್ಟರಲ್ಲಿ ಅಕ್ಕಿ ಬೆಂದಿತು. ತಾದಾಶಿ ಚಿಕ್ಕಪ್ಪ ಹಬೆಯಾಡುವ ಅಕ್ಕಿಯನ್ನು ಒರಳಿಗೆ ಸುರಿದು, "ಯಾರಪ್ಪಾ ಕುಟ್ಟೋರು? ಇಲ್ಲಾಂದ್ರೆ ಮಶೀನ್ ರೆಡಿ ಇದೆ" ಎಂದರು. ಇಸಾಮು ಕೈಕಟ್ಟಿ ದೂರ ನಿಂತಿದ್ದ. ಕೊಡತಿ ನೀರಿನ ಬಾನಿಯಲ್ಲಿ ನೆನೆಯುತ್ತಿತ್ತು.

"ಇಸಾಮು" ಎಂದೆ. "ಅವತ್ತು ನಿನ್ನ ಪೆಟ್ಟು ತಪ್ಪಿರ್ಲಿಲ್ಲ. ನಾನೇ ಕೈ ತೆಗೀಲಿಲ್ಲ."

ಅವನು ಕಟ್ಟಿದ್ದ ಕೈ ಬಿಟ್ಟ.

"ಅಂದ್ರೆ?"

"ಬೇಕಂತಲೇ ತೆಗೀಲಿಲ್ಲ. ಆ ಸ್ವೆಟರಿನೋಳಿಗೆ ನಗ್ತಿದ್ದೆ ನೀನು. ನನ್ನ ಕಡೆ ಒಂದ್ಸಲ ನೋಡ್ಲಿ ಅಂತ."

ಚಿಕ್ಕಪ್ಪ ಮಶೀನಿನ ವೈರನ್ನು ಸುಮ್ಮನೆ ಸುತ್ತಿಟ್ಟರು.

ಇಸಾಮುವಿನ ಮುಖ ಮೊದಲು ಬಿಳಿಚಿತು, ಆಮೇಲೆ ಕೆಂಪಾಯಿತು. "ಹನ್ನೊಂದು ವರ್ಷ, ಡೆಲ್ಫಿ! ಗೋಡೆಗೆ ಒಂದು ಮೊಳೆ ಹೊಡೀಬೇಕಂದ್ರೂ ಪಕ್ಕದ ಮನೆಯೋರನ್ನ ಕರೀತಿದ್ದೆ. ಸುತ್ತಿಗೆ ಎತ್ತಿದ್ರೆ ಕೈ ನಡುಗೋದು. ನಿನಗೆ ಗೊತ್ತಿತ್ತು, ಹೇಳ್ಲಿಲ್ಲ!" ಎಂದವನೇ ಬಿರಬಿರನೆ ನಡೆದು, ಅಂಗಳ ಮುಗಿದು ಕಬ್ಬು ಶುರುವಾಗುವಲ್ಲಿ ನಮಗೆ ಬೆನ್ನು ಹಾಕಿ ನಿಂತ.

ಮುಗಿಯಿತು ಎಂದುಕೊಂಡೆ. ಅಳು ತಡೆಯಲಾಗಲಿಲ್ಲ. ಸಮಾಧಾನ ಮಾಡುವವರೂ ಇರಲಿಲ್ಲ, ಮಾಡಬೇಕಾಗಿಯೂ ಇರಲಿಲ್ಲ.

ಅಜ್ಜಿ ಕುರ್ಚಿಯಿಂದಲೇ ಕೂಗಿದಳು. "ಲೋ, ನಿನ್ನ ಕೋಪ ಸಂಜೆವರೆಗೂ ಬಿಸಿಯಾಗಿರುತ್ತೆ. ಅಕ್ಕಿ ಇರಲ್ಲ!"

ಅವನು ಬಂದ. ಯಾರನ್ನೂ ನೋಡದೆ ಬಾನಿಯಿಂದ ಕೊಡತಿ ಎತ್ತಿದ. ನೀರು ತೊಟ್ಟಿಕ್ಕಿತು. ಕೈ ನಡುಗುತ್ತಿತ್ತು.

"ನಾನು ಕುಟ್ತೀನಿ. ಆದ್ರೆ ಇವಳು ಬೇಡ, ಬೇರೆ ಯಾರಾದ್ರೂ ತಿರುವ್ಲಿ. ನನಗೆ ಇವಳ ಮೇಲೆ ತುಂಬಾ ಕೋಪ ಇದೆ."

ಕೋಪ ಇಟ್ಟುಕೊಂಡು ಒರಳ ಹತ್ತಿರ ಬರಬಾರದು. ನಿಯಮ ಎಲ್ಲರಿಗೂ ಗೊತ್ತು. ಎಲ್ಲರೂ ಅಜ್ಜಿಯ ಕಡೆ ತಿರುಗಿದರು. ಅಜ್ಜಿಗೆ ಅದೇ ಹೊತ್ತಿಗೆ ಟೀ ಬೇಕಾಯಿತು. ಕಪ್ಪಿನೊಳಗೆ ಮುಖ ಹುದುಗಿಸಿಕೊಂಡಳು.

ನಾನು ಕಣ್ಣೊರಸಿಕೊಂಡು, ತೋಳು ಮಡಚಿ, ಒರಳ ಪಕ್ಕ ಮಂಡಿಯೂರಿದೆ. ಕೈ ಒದ್ದೆ ಮಾಡಿಕೊಂಡೆ. ಮೊದಲು ಅಕ್ಕಿಯನ್ನು ಅದುಮಿ ಹದಕ್ಕೆ ತರಬೇಕು. ತಂದ. ಆಮೇಲೆ ಕೊಡತಿ ಮೇಲೆತ್ತಿ ಹಾಗೇ ನಿಂತುಬಿಟ್ಟ. ನಾನು ಬಲಗೈಯನ್ನು ಹಿಟ್ಟಿನ ಮೇಲಿಟ್ಟೆ.

"ತೆಗಿ ಡೆಲ್ಫಿ. ಕೋಪ ಇದೆ ಅಂದ್ನಲ್ಲ."

"ಇರ್ಲಿ. ನನ್ನ ಕೈಯೂ ಇರ್ಲಿ. 'ಹೋ' ಅನ್ನು."

ಅಷ್ಟು ಹತ್ತಿರದಿಂದ ಅವನು ನನ್ನ ಬೆರಳನ್ನು ನೋಡಿದ್ದು ಅದೇ ಮೊದಲು. ಸೊಟ್ಟ ಗೆಣ್ಣು, ಒಂದು ಬದಿಗೆ ವಾಲಿದ ಉಗುರು. ತುಂಬ ಹೊತ್ತು ನೋಡಿದ.

"ಹೋ" ಎಂದ ಕೊನೆಗೆ.

"ಹೈ" ಎಂದು ಕೈ ತೆಗೆದೆ. ಕೊಡತಿ ಹಿಟ್ಟಿನ ಮೇಲೆ ಮೆಲ್ಲಗೆ ಇಳಿಯಿತು.

"ಕುಟ್ತಿದೀಯೋ, ಮಗು ಮಲಗಿಸ್ತಿದೀಯೋ?" ಅಜ್ಜಿ ಕಪ್ಪಿನೊಳಗಿಂದ ಗದರಿದಳು. ಎಲ್ಲರೂ ಗೊಳ್ಳೆಂದು ನಕ್ಕರು. ಅವನಿಗೂ ನಗು ಬಂತು, ನಗುವಿನ ಹಿಂದೆಯೇ ಅಳು ಬಂತು. ಎರಡನ್ನೂ ಒರೆಸಿಕೊಳ್ಳದೆ ಕುಟ್ಟಿದ. ಹೋ, ಹೈ. ಹೋ, ಹೈ. ಹತ್ತು ಪೆಟ್ಟಿನೊಳಗೆ ನನ್ನ ಬೆರಳಿಗೆ ಅವನ ಉಸಿರು ನೆನಪಾಯಿತು. ಇಪ್ಪತ್ತಕ್ಕೆ ಅವನ ಕೈ ನಡುಗುವುದು ನಿಂತಿತು.

ಹಿಟ್ಟು ಹದವಾದ ಮೇಲೆ ಮೊದಲ ಉಂಡೆಯನ್ನು ಅವನೇ ಅಜ್ಜಿಗೆ ಒಯ್ದುಕೊಟ್ಟ. ಅವಳು ಜಗಿದು, ಕಣ್ಣು ಮುಚ್ಚಿ, "ಹೂಂ, ಇದು ಮೋಚಿ" ಎಂದಳು.

ಇಬ್ಬರೂ ಬಾನಿಯ ಹತ್ತಿರ ಕೈ ತೊಳೆಯಲು ಹೋದೆವು.

"ಯಾಕೆ ಬರೀಲಿಲ್ಲ ನೀನು?" ಎಂದ. ಕೋಪ ಇನ್ನೂ ಇತ್ತು, ಆದರೆ ಕಾವು ಇಳಿದಿತ್ತು.

"ಬರೆದ್ರೆ ನೀನು ಕಿತ್ತಳೆ ನಿಲ್ಲಿಸ್ತಿದ್ದೆ."

ನನ್ನನ್ನೇ ನೋಡಿದ. "ದಡ್ಡಿ. ಕ್ಷಮೆಗೆ ಅಂತ ಕಳ್ಸಿದ್ದು ಮೊದಲಿನ ಎರಡು ಪೆಟ್ಟಿಗೆ ಅಷ್ಟೇ."

"ಮತ್ತೆ ಉಳಿದ ಎಂಟು?"

ಅವನು ಜೇಬಿನಿಂದ ರಬ್ಬರ್ ಬ್ಯಾಂಡ್ ಹಾಕಿದ ಒಂದು ಕಟ್ಟು ತೆಗೆದ. ನಾನು ಸಹಿ ಹಾಕಿ ವಾಪಸ್ ಕಳಿಸುತ್ತಿದ್ದ ಕಾರ್ಡುಗಳು. ಹತ್ತೂ ಇದ್ದವು.

"ಮೊದಲನೇದರಲ್ಲಿ ಅಕ್ಷರ ಹೇಗೆ ಸೊಟ್ಟಗಿದೆ ನೋಡು, ಅದನ್ನ ನೋಡಿ ಅತ್ತಿದ್ದೆ. ವರ್ಷಾ ವರ್ಷಾ ನೆಟ್ಟಗಾಗ್ತಾ ಬಂತು. ಡಿಸೆಂಬರ್ ಬಂದ್ರೆ ನಿನ್ನ ಸಹಿ ಬರುತ್ತೆ, ಅದಕ್ಕೇ ಕಳಿಸ್ತಿದ್ದೆ." ಕನ್ನಡಕ ತೆಗೆದು ಒರೆಸಿದ. "ಈ ವರ್ಷ ಪೆಟ್ಟಿಗೆ ನಾನೇ ತಂದುಬಿಟ್ಟೆ. ಕಾರ್ಡು ಇಲ್ಲ."

ಉಂಡೆ ಕಟ್ಟುವ ಹಲಗೆಯ ಮೇಲೆ ಅಕ್ಕಿ ಹಿಟ್ಟು ಹರಡಿತ್ತು. ಸೊಟ್ಟ ಬೆರಳನ್ನು ಅದರಲ್ಲಿ ಅದ್ದಿ, ಅವನ ಒದ್ದೆ ಅಂಗೈ ಬಿಡಿಸಿ, ನನ್ನ ಪೂರ್ತಿ ಹೆಸರು ಬರೆದೆ.

"ತಾರೀಖು?" ಎಂದ ಮೆಲ್ಲಗೆ. "ಪೋಸ್ಟ್ ಆಫೀಸಿನೋಳಾಗಿ ತಾರೀಖು ಹಾಕದೆ ಬಿಡ್ತೀಯಾ?"

ಅದನ್ನೂ ಬರೆದೆ. ಅವನು ಬೆರಳನ್ನು ವಾಪಸ್ ಬಿಡಲಿಲ್ಲ. ಹಾಗೇ ಮುಷ್ಟಿ ಮುಚ್ಚಿದ.

"ಸಹಿ ಆಯ್ತೇನ್ರೋ?" ಅಜ್ಜಿ ಕೂಗಿದಳು. "ಇನ್ನೊಂದು ಒರಳಿನ ಅಕ್ಕಿ ಬೆಂದಿದೆ. ಬನ್ನಿ."