ಏಳನೇ ಬ್ಲಾಕಿನ ಬೆಂಕಿ

ಜೀಪಿನಿಂದ ಇಳಿದವಳು ಮೊದಲ ಮರದ ಮುಂದೆ ನಿಂತಳು, ಎರಡನೆಯದರ ಮುಂದೆ ಬೈದಳು, ಮೂರನೆಯದನ್ನು ಕಂಡವಳೇ ಓಡತೊಡಗಿದಳು. ಏಳನೇ ಬ್ಲಾಕಿನ ಹಿರಿಮರಗಳೆಲ್ಲ ಎದೆಮಟ್ಟದಲ್ಲಿ ಅಂಗೈಯಗಲದ ಹಳದಿ ಬಣ್ಣ ಹೊತ್ತು ನಿಂತಿದ್ದವು. ಆ ವಿಭಾಗದಲ್ಲಿ ಹಳದಿಗೆ ಒಂದೇ ಅರ್ಥ: ಕಡಿ.

ಯಾವ ಮರ ಕಡಿಯಬೇಕು, ಯಾವುದನ್ನು ಉಳಿಸಬೇಕು ಎಂದು ಯೋಜನೆ ಹಾಕುವುದೇ ಅವಳ ಉದ್ಯೋಗ. ಸರ್ಕಾರಿ ಕಾಡಿನ ಆ ಆಫೀಸಿನಲ್ಲಿ ಎದುರಿಗೆ ಅವಳು ಮೇಡಂ, ಬೆನ್ನ ಹಿಂದೆ ಗರಗಸ ಮೇಡಂ. ಮೇಲಿನವರ ಜೊತೆ ವರ್ಷಗಟ್ಟಲೆ ಗುದ್ದಾಡಿ ಈ ಮುದಿಮರಗಳನ್ನು ಉಳಿಸಿಕೊಂಡವಳು ಅವಳೇ ಎಂಬುದು ಹೆಸರಿಟ್ಟವರಿಗೂ ಗೊತ್ತಿತ್ತು. ಹೆಸರು ಚೆನ್ನಾಗಿ ಕೂತುಬಿಟ್ಟಿದ್ದರಿಂದ ಯಾರೂ ಬದಲಾಯಿಸಲು ಹೋಗಿರಲಿಲ್ಲ.

ಎಲ್ಲಕ್ಕಿಂತ ಹಿರಿಯ ಮರದ ಬುಡದಲ್ಲಿ ಒಬ್ಬ ಗಂಡಸು, ಬಣ್ಣದ ಡಬ್ಬ ಪಕ್ಕಕ್ಕಿಟ್ಟುಕೊಂಡು, ಸಿಳ್ಳೆ ಹಾಕುತ್ತ ಬ್ರಷ್ ಎಳೆಯುತ್ತಿದ್ದ.

"ರೀ! ಕೆಳಗಿಡ್ರಿ ಅದನ್ನ!"

ಅವನು ತಿರುಗಿದ. ಮೂಗಿನ ತುದಿಯಲ್ಲೂ ಒಂದು ಹಳದಿ ಬೊಟ್ಟು. "ಇದೊಂದೇ ಬಾಕಿ. ಮುಗಿಸಿಬಿಡ್ಲಾ?"

"ಮುಗಿಸ್ತೀರಾ? ನಿಮ್ಮ ಮುತ್ತಜ್ಜ ತೊಟ್ಟಿಲಲ್ಲಿದ್ದಾಗ ಈ ಮರಕ್ಕೆ ಮೊಮ್ಮಕ್ಕಳಿದ್ವು ಕಣ್ರೀ!"

"ಅದಕ್ಕೇ ಬಳೀತಾ ಇರೋದು."

"ಕಟುಕರಿಗೂ ಒಂದು ಕರುಳಿರುತ್ತೆ ಅಂದ್ಕೊಂಡಿದ್ದೆ."

ಅವನು ಮರವನ್ನು ನೋಡಿದ, ಡಬ್ಬವನ್ನು ನೋಡಿದ, ಕೊನೆಗೆ ಅವಳನ್ನು, ಅವಶ್ಯಕತೆಗಿಂತ ತುಸು ಹೆಚ್ಚೇ ಹೊತ್ತು, ನೋಡಿದ. "ಒಂದ್ನಿಮಿಷ. ನಿಮ್ಮಲ್ಲಿ ಹಳದಿ ಅಂದ್ರೆ?"

"ಕಡಿಯೋದು."

"ಅಯ್ಯೋ." ಬ್ರಷ್ ಕೈಯಿಂದ ಜಾರಿತು. "ನಾನು ಬಂದ ವಿಭಾಗದಲ್ಲಿ ಹಳದಿ ಅಂದ್ರೆ, ಮುಟ್ಟಿದ್ರೆ ಜೋಕೆ ಅಂತ."

ಸಂರಕ್ಷಣೆಯ ಕೆಲಸಕ್ಕೆ ಹೊಸದಾಗಿ ವರ್ಗವಾಗಿ ಬಂದವನು ಅವನು. ಮೊದಲ ವಾರವೇ ಶ್ರದ್ಧೆಯಿಂದ ಕಾಡಿನ ಅಜ್ಜಿಯರಿಗೆಲ್ಲ ಮರಣಶಾಸನ ಬರೆದಿಟ್ಟಿದ್ದ. ಸೋಮವಾರ ಪಕ್ಕದ ಬ್ಲಾಕಿನ ಕೆಲಸಕ್ಕೆ ಗುತ್ತಿಗೆಯವರು ಗರಗಸ ಹಿಡಿದು ಬರುವವರಿದ್ದರು. ಅವರು ಬಣ್ಣ ನೋಡುವವರೇ ಹೊರತು ಮರ ನೋಡುವವರಲ್ಲ.

ಹಾಗಾಗಿ ಶನಿವಾರ, ಭಾನುವಾರ ಇಬ್ಬರೂ ತಂತಿ ಬ್ರಷ್ ಹಿಡಿದು ಬಣ್ಣ ಕೆರೆದರು. ಪ್ರೇಮ ಪ್ರಕರಣಗಳು ಇದಕ್ಕಿಂತ ಹಿತವಾಗಿ ಶುರುವಾಗುವುದುಂಟು. ಇಬ್ಬರ ಕೂದಲಲ್ಲೂ ತೊಗಟೆಯ ಪುಡಿ. ಒಂದೇ ಮರದ ಆ ಕಡೆ ಈ ಕಡೆ ಕೂತು ಕೆರೆಯುವಾಗ ಅವನು ಕಾಂಡದ ಮರೆಯಿಂದ ಇಣುಕುವನು, ಅವಳು ಗಮನಿಸದವಳಂತೆ ಇನ್ನೂ ಜೋರಾಗಿ ಕೆರೆಯುವಳು.

"ಮೇಡಂ, ಮೂಗಲ್ಲಿ ಬಣ್ಣ ಇತ್ತು ಅಂತ ಮೊದಲನೇ ದಿನವೇ ಹೇಳಬಾರದಿತ್ತಾ? ಇಡೀ ಆಫೀಸು ಸುತ್ತಿಬಂದೆ."

"ನಿಮ್ಮ ಲೆಕ್ಕದಲ್ಲಿ ಹಳದಿ ಇದ್ರೆ ಮುಟ್ಟಬಾರದಲ್ವಾ? ನಿಯಮ ಪಾಲಿಸಿದೆ."

ಜೀಪ್ ಡ್ರೈವರ್ ಸ್ಟಿಯರಿಂಗ್ ಮೇಲೆ ಗಲ್ಲವೂರಿ ಇದನ್ನೆಲ್ಲ ಸಿನಿಮಾ ನೋಡಿದಂತೆ ನೋಡಿದ. ಸೋಮವಾರ ಮಧ್ಯಾಹ್ನದ ಹೊತ್ತಿಗೆ ಕಥೆ ಆಫೀಸು ತುಂಬ ಹರಡಿತ್ತು. ಬೆಂಕಿಯಿಲ್ಲದೆ ಹೊಗೆಯಾಡದು ಎಂದರು. ಅಸಲಿಗೆ ಆಫೀಸಿನವರ ತಲೆಬಿಸಿಯೂ ಬೆಂಕಿಯದೇ ಆಗಿತ್ತು.

ಏಳನೇ ಬ್ಲಾಕಿನಲ್ಲಿ ತರಗೆಲೆ ಮೊಣಕಾಲುದ್ದ ಬಿದ್ದಿತ್ತು. ಸಣ್ಣ ಮರಗಳು ಬಸ್ಸಿನಲ್ಲಿ ನಿಂತವರಂತೆ ಒತ್ತಿಕೊಂಡು ಬೆಳೆದಿದ್ದವು. ಒಂದು ಕಿಡಿ ಸಾಕು, ಮುದಿಮರಗಳ ಸಮೇತ ಎಲ್ಲ ಬೂದಿ. ಅವಳ ಯೋಜನೆ ಸರಳ: ಒಣಹವೆ ಮುಗಿಯುವುದರೊಳಗೆ ನಾವೇ ಲೆಕ್ಕ ಹಾಕಿ ನೆಲಮಟ್ಟದ ಬೆಂಕಿ ಹಚ್ಚಿ ಕಸ ಸುಡೋಣ, ಆಮೇಲೆ ಸಣ್ಣ ಮರಗಳನ್ನಷ್ಟೇ ಕಡಿಯೋಣ. ಮೇಲಧಿಕಾರಿಯ ಷರತ್ತು ಅದಕ್ಕಿಂತ ಸರಳ: "ಈ ಸಲ ಸುಟ್ಟು ತೋರಿಸಿ. ಆಗದಿದ್ರೆ ಬ್ಲಾಕು ಪೂರ್ತಿ ಕಡಿದು ಮಾರೋದೇ. ಪ್ರತಿ ವರ್ಷ ಎದೆ ಹಿಡ್ಕೊಂಡು ಕೂರೋಕೆ ನನಗಾಗಲ್ಲ."

ಹಚ್ಚಲು ಅಗ್ನಿದಳದ ಮುಖ್ಯಸ್ಥರ ಒಪ್ಪಿಗೆ ಬೇಕು. ಆ ಮುಖ್ಯಸ್ಥರು ಅವಳ ಅಪ್ಪ.

ದಳದವರು ಪ್ರೀತಿಯಿಂದ ನೀರಪ್ಪ ಎನ್ನುತ್ತಿದ್ದ ಆ ಮನುಷ್ಯ ಬೆಂಕಿ ಆರಿಸುತ್ತಲೇ ಕೂದಲು ಬೆಳ್ಳಗಾಗಿಸಿಕೊಂಡಿದ್ದರು. ಮನೆಯಲ್ಲಿ ಒಲೆಯ ಪಕ್ಕ ಸದಾ ಒಂದು ಬಕೆಟ್ ನೀರು. ಅವಳ ಬಾಲ್ಯದ ಹುಟ್ಟುಹಬ್ಬಗಳಲ್ಲಿ ಕೇಕಿನ ಮೇಣದಬತ್ತಿಯನ್ನು ಅವಳು ಊದುವ ಮೊದಲೇ ಅಪ್ಪ ಒದ್ದೆ ಬೆರಳಲ್ಲಿ ಚಿವುಟಿ ಆರಿಸಿದ್ದುಂಟು.

"ನಾನು ಜೀವಮಾನವೆಲ್ಲ ಆರಿಸಿದ್ದನ್ನ ನನ್ನ ಮಗಳು ಹಚ್ಚೋಕೆ ಹೊರಟಿದ್ದಾಳೆ," ಎಂದರು ಊಟದ ಮೇಜಿನಲ್ಲಿ, ಗೋಡೆಗೆ ಹೇಳುವಂತೆ.

"ಅಪ್ಪ, ಆರಿಸಿ ಆರಿಸಿಯೇ ಇಷ್ಟು ಕಸ ಸೇರಿದ್ದು."

"ತಪ್ಪು ನಂದೇ ಅನ್ನು."

"ಹಾಗಲ್ಲಪ್ಪ..."

"ಹಾಗೇ." ತಟ್ಟೆ ಎತ್ತಿಕೊಂಡು ಎದ್ದರು. ಬಚ್ಚಲ ನಲ್ಲಿ ಬಹಳ ಹೊತ್ತು ಸುರಿಯಿತು. ವಾಪಸ್ಸು ಬಂದು ಬಾಗಿಲಲ್ಲೇ ನಿಂತು, "ಒಪ್ಪಿಗೆ ಕೊಡ್ತೀನಿ. ಕಾವಲೂ ಇರ್ತೀನಿ. ಆದ್ರೆ ಕಡ್ಡಿ ಗೀರು ಅಂತ ಮಾತ್ರ ನನಗೆ ಹೇಳ್ಬೇಡ," ಎಂದರು. ಒಲೆಯ ನಾಬನ್ನು ಇನ್ನೊಮ್ಮೆ ತಿರುಗಿಸಿ ನೋಡಿ ಮಲಗಲು ಹೋದರು.

ಗಾಳಿ ಸರಿಯಾದ ದಿನ ಸಿಕ್ಕಿತು. ಬ್ಲಾಕಿನ ಸುತ್ತ ಎಲೆ ಕಸ ಬಾಚಿ ಬೆಂಕಿ ರೇಖೆ ತೆಗೆದಾಯಿತು, ಟ್ಯಾಂಕರ್ ಬಂತು. ಬೆಂಕಿ ಹಚ್ಚುವ ಹಿಂದಿನ ದಿನ ಮಧ್ಯಾಹ್ನ ಅವನು ಅವಳ ಟೇಬಲ್ ಮುಂದೆ ಬಂದು ನಿಂತ. ಕೈಯಲ್ಲಿ ಹ್ಯಾಟು, ಅದರ ಅಂಚನ್ನು ರೊಟ್ಟಿ ತಟ್ಟುವವನಂತೆ ತಿರುಗಿಸುತ್ತಿದ್ದ.

"ಒಂದು ಗೂಡಿದೆ," ಎಂದ.

"ಎಲ್ಲಿ?"

"ನೆಲದ ಮೇಲೆ. ಬ್ಲಾಕಿನ ಸರಿ ನಡುವೆ. ನಾಲ್ಕು ಮೊಟ್ಟೆ, ತಾಯಿ ಕಾವಿಗೆ ಕೂತಿದ್ದಾಳೆ. ಈ ಕಾಡಲ್ಲಿ ಆ ಹಕ್ಕಿ ಕಂಡು ಎಷ್ಟೋ ವರ್ಷ ಆಯ್ತು."

ಅವಳು ಪೆನ್ನು ಕೆಳಗಿಟ್ಟಳು. ಎತ್ತಿ ಬೇರೆಡೆ ಇಟ್ಟರೆ ತಾಯಿ ಗೂಡು ಬಿಟ್ಟುಬಿಡುತ್ತದೆ. ಮರಿಯಾಗುವ ತನಕ ಕಾದರೆ ಒಣಹವೆ ಮುಗಿಯುತ್ತದೆ, ಷರತ್ತು ಮುಗಿಯುತ್ತದೆ, ಮುದಿಮರಗಳೂ ಮುಗಿಯುತ್ತವೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದರೆ ಇದೇ.

"ನೀವು ಹೇಳದೆ ಇದ್ದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ."

"ಹೌದು."

"ಮತ್ತೆ ಯಾಕೆ ಹೇಳಿದ್ರಿ?"

"ಆಮೇಲೆ ನಿಮ್ಮ ಮುಖ ನೋಡೋದು ಹೇಗೆ?" ಹ್ಯಾಟು ತಿರುಗುವುದು ನಿಂತಿತು. "ನನಗೆ ಅದನ್ನ ದಿನಾ ನೋಡೋ ಅಭ್ಯಾಸ ಆಗಿಹೋಗಿದೆ."

ಅವಳಿಗೆ ಅವನ ಮೇಲೆ ಕೆಂಡದಂಥ ಕೋಪ ಬರಬೇಕಿತ್ತು. ಬಂದದ್ದು ಬೇರೇನೋ. ಅದನ್ನು ಮುಚ್ಚಿಕೊಳ್ಳಲು ನಕ್ಷೆ ಹರವಿದಳು. "ಗೂಡೆಲ್ಲಿ? ಬೆರಳಿಡಿ." ಅವನ ಬೆರಳು ನಕ್ಷೆಯ ಮೇಲೆ ಕೂತಿತು. ಅವಳು ಅದರ ಸುತ್ತ ಪೆನ್ಸಿಲಿನಿಂದ ಒಂದು ಸುತ್ತು ಗೀಚಿದಳು. ಬೆರಳನ್ನು ತೆಗೆಯಬಹುದಿತ್ತು. ತೆಗೆಯಲಿಲ್ಲ.

"ಇಷ್ಟು ಜಾಗದ ಸುತ್ತ ಎಲೆ ಗುಡಿಸಿ, ನೆಲ ತೋಯಿಸಿ, ದ್ವೀಪದ ಹಾಗೆ ಬಿಡೋಣ. ಒಳಗೆ ಒಂದು ಕಿಡಿಯೂ ಹೋಗಬಾರದು. ಅಂಥ ಕಾವಲು ಕಾಯೋಕೆ ನನಗೆ ಗೊತ್ತಿರೋ ಹಾಗೆ ಒಬ್ಬರಿಂದಲೇ ಸಾಧ್ಯ."

"ಯಾರು?"

"ಮೇಣದಬತ್ತಿ ಆರಿಸೋರು."

ಮರುದಿನ ಗೂಡಿನ ದ್ವೀಪದ ಅಂಚಿನಲ್ಲಿ, ಬೆನ್ನಿಗೆ ನೀರಿನ ಪಂಪು ಕಟ್ಟಿಕೊಂಡು, ಅಪ್ಪ ಮತ್ತು ಅವನು ಅಕ್ಕಪಕ್ಕ ನಿಂತರು. ಅವಳು ಬೆಂಕಿ ರೇಖೆಯ ಮೇಲೆ ವಾಕಿಟಾಕಿ ಹಿಡಿದು ನಿಂತಳು. ಮೇಲಧಿಕಾರಿ ಬಿಳಿ ಬೂಟು ಹಾಕಿಕೊಂಡು ಬಂದಿದ್ದರು. ಕೆಲವರಿಗೆ ದೇವರು ವಿವೇಕವನ್ನು ಕಂತಿನಲ್ಲಿ ಕೊಡುತ್ತಾನೆ.

ಡ್ರಿಪ್ ಟಾರ್ಚು, ಅಂದರೆ ಉರಿಯುವ ಎಣ್ಣೆ ತೊಟ್ಟಿಕ್ಕಿಸುವ ಡಬ್ಬ, ಹಿಡಿದವರು ರೇಖೆಗುಂಟ ನಡೆದರು. ಬೆಂಕಿ ಎದ್ದಿತು. ಗಾಳಿಗೆ ಎದುರಾಗಿ, ಒಲ್ಲದ ಮನಸ್ಸಿನಿಂದ, ಮೊಣಕಾಲೆತ್ತರದಲ್ಲಿ ತೆವಳಿತು. ತರಗೆಲೆ ತಿಂದಿತು, ಮುದಿಮರಗಳ ದಪ್ಪ ತೊಗಟೆ ನೆಕ್ಕಿತು, ರುಚಿಸದೆ ಮುಂದೆ ಹೋಯಿತು. ಹೇಗೆ ಬರೆದಿದ್ದಳೋ ಹಾಗೇ. ಅವಳಿಗೆ ಕೂಗಬೇಕೆನಿಸಿತು.

ಆಗ ಅವಳ ಎಡಗೆನ್ನೆ ತಣ್ಣಗಾಯಿತು. ಗಾಳಿ ತಿರುಗಿತ್ತು.

ತೆವಳುತ್ತಿದ್ದ ಬೆಂಕಿ ಎದ್ದು ನಿಂತು ಓಡತೊಡಗಿತು, ನೇರ ದ್ವೀಪದ ಕಡೆಗೆ.

"ಬರ್ತಾ ಇದೆ," ಅವನ ದನಿ ವಾಕಿಟಾಕಿಯಲ್ಲಿ. "ತಾಯಿ ಎದ್ದಿಲ್ಲ. ಕೂತೇ ಇದ್ದಾಳೆ."

ಮೇಲಧಿಕಾರಿ ಅವಳ ತೋಳು ಹಿಡಿದರು. "ನಿಲ್ಲಿಸಮ್ಮ! ಟ್ಯಾಂಕರ್ ಕರಿ, ಎಲ್ಲ ಆರಿಸು!"

ಆರಿಸಬಹುದಿತ್ತು. ಆದರೆ ಟ್ಯಾಂಕರ್ ದ್ವೀಪ ಮುಟ್ಟುವ ಮೊದಲು ಬೆಂಕಿ ಮುಟ್ಟುತ್ತಿತ್ತು. ಬರುವ ಬೆಂಕಿಗೆ ತಿನ್ನಲು ಏನೂ ಉಳಿಸಬಾರದು. ದ್ವೀಪದ ಅಂಚಿನಿಂದ ಹೊರಮುಖವಾಗಿ ಇನ್ನೊಂದು ಬೆಂಕಿ ಹಚ್ಚಬೇಕು, ಈಗಲೇ. ಅಲ್ಲಿ ಒಂದು ಟಾರ್ಚು ಇತ್ತು. ಹಿಡಿಯಲು ಕಲಿತ ಕೈ ಒಂದೇ ಇತ್ತು.

ಅವಳು ಗುಂಡಿ ಒತ್ತಿದಳು. "ಅಪ್ಪ. ಹಚ್ಚಿ."

ವಾಕಿಟಾಕಿ ಬರೀ ಗರಗರ ಎಂದಿತು.

"ಅಪ್ಪ, ನಿಮ್ಮ ಕಾಲ ಬುಡದಿಂದ ಹೊರಕ್ಕೆ. ಒಂದೇ ಗೆರೆ. ನನ್ನ ಮೇಲೆ ನಂಬಿಕೆ ಇದ್ರೆ ಹಚ್ಚಿ."

"ನಂಬಿಕೆ ಇಲ್ದೆ ಇಲ್ಲಿ ನಿಂತಿದ್ದೀನೇನೇ?" ಎಂಬ ಗದರಿಕೆ ಬಂತು. ಮರಗಳ ಸಂದಿಯಲ್ಲಿ, ದೂರದಲ್ಲಿ, ಬೆಳ್ಳಿಕೂದಲಿನ ಒಂದು ಆಕೃತಿ ಬಾಗಿ, ಕೈಯಲ್ಲಿ ಬೆಂಕಿ ತೊಟ್ಟಿಕ್ಕಿಸುತ್ತ, ಮಗುವನ್ನು ನಡೆಸುವವರಷ್ಟು ಜತನದಿಂದ ಅರ್ಧ ಸುತ್ತು ಬಂದಿತು. ಹಿಂದೆಯೇ ಅವನು, ಒಳಗೆ ಹಾರಿದ ಒಂದೊಂದು ಕಿಡಿಗೂ ನೀರು ಹೊಡೆಯುತ್ತ.

ಎರಡು ಬೆಂಕಿಗಳು ಹೋರಿಗಳಂತೆ ಹಣೆಗೆ ಹಣೆ ಕೊಟ್ಟವು. ಒಮ್ಮೆ ಮರದೆತ್ತರ ಹಾರಿ, ತಿನ್ನಲು ಏನೂ ಸಿಗದೆ, ಹಾಗೆಯೇ ಕುಸಿದವು. ಹೊಗೆ ಸರಿಯಿತು.

"ಕೂತಿದ್ದಾಳೆ!" ಅವನು ವಾಕಿಟಾಕಿಯಲ್ಲಿ ಅರಚಿದ. "ಇನ್ನೂ ಕೂತಿದ್ದಾಳೆ ಕಣ್ರೀ!"

ರೇಖೆಗುಂಟ ನಿಂತವರೆಲ್ಲ ಹೋ ಎಂದು ಕೂಗಿದರು. ಡ್ರೈವರ್ ಜೀಪಿನ ಹಾರ್ನ್ ಮೇಲಿಟ್ಟ ಕೈ ತೆಗೆಯಲೇ ಇಲ್ಲ. ಮೇಲಧಿಕಾರಿ ಮಸಿ ಬಣ್ಣದ ತಮ್ಮ ಬೂಟು ನೋಡಿಕೊಂಡು, ಸಾಲಾಗಿ ನಿಂತ ಮುದಿಮರಗಳನ್ನು ನೋಡಿ, "ಸಣ್ಣವನ್ನಷ್ಟೇ ಕಡಿಯಮ್ಮ," ಎಂದರು. "ನಾನು ಮೊದಲಿಂದ್ಲೂ ಅದನ್ನೇ ಹೇಳ್ತಿದ್ದೆ."

ಬೆಂಕಿ ಆರಿದ ಮರುಬೆಳಿಗ್ಗೆ ಮಾಡುವ ಕೆಲಸವೊಂದಿದೆ. ಗ್ಲೌಸ್ ಕಳಚಿ, ಮಂಡಿಯೂರಿ, ಬೂದಿಯ ಮೇಲೆ ಅಂಗೈಯ ಹಿಂಬದಿ ಹಿಡಿದು, ಅಡಗಿದ ಕಾವು ಹುಡುಕುವುದು. ಕಣ್ಣಿಗೆ ಕಾಣದ್ದು ಚರ್ಮಕ್ಕೆ ತಿಳಿಯುತ್ತದೆ. ಅವಳು ಆ ತುದಿಯಿಂದ ಶುರುಮಾಡಿದಳು, ಅವನು ಈ ತುದಿಯಿಂದ. ನಡುವೆ ಒಂದು ಹಳೆಯ ಬೊಡ್ಡೆಯ ಹತ್ತಿರ, ಹಣೆಗೆ ಹಣೆ ತಾಗುವಷ್ಟರಲ್ಲಿ, ಇಬ್ಬರೂ ತಲೆಯೆತ್ತಿದರು. ಅವನ ಮೂಗಿನ ತುದಿಯಲ್ಲಿ ಈಗ ಮಸಿ.

"ನಿಮ್ಮಪ್ಪ ನಿನ್ನೆ ಅಲ್ಲಿ ನಿಂತು ನನಗೆ ಒಂದೇ ಪ್ರಶ್ನೆ ಕೇಳಿದ್ರು," ಎಂದ.

"ಏನಂತೆ?"

"ಅಡುಗೆ ಆದ ಮೇಲೆ ಗ್ಯಾಸ್ ಆಫ್ ಮಾಡ್ತೀಯಾ ಅಂತ."

ಅವಳು ನಗು ತಡೆದು, "ನೀವೇನಂದ್ರಿ?"

"ಆಫ್ ಮಾಡಿ, ಮತ್ತೆ ಹೋಗಿ ನೋಡ್ತೀನಿ ಅಂದೆ. ಗೂಡಿನ ಕಡೆ ನೋಡ್ಕೊಂಡೇ, 'ಸಂಬಂಧ ಬೆಳೆಸಬಹುದಾದ ಮನುಷ್ಯ' ಅಂದ್ರು. ನನಗೆ ಹೇಳಿದ್ದೋ ಹಕ್ಕಿಗೆ ಹೇಳಿದ್ದೋ ಗೊತ್ತಾಗ್ಲಿಲ್ಲ." ಅವನ ದನಿ ಇಳಿಯಿತು. "ನಾನು ಇನ್ನೂ ಮಗಳನ್ನ ಕೇಳಿಲ್ಲ. ಗೂಡಿನ ವಿಷಯ ಹೇಳಿದ ದಿನವೇ ಕೇಳಬೇಕಿತ್ತು, ಹ್ಯಾಟು ಬಿಡಲಿಲ್ಲ. ನನಗೆ ನೀವು ಇಷ್ಟ. ಬೈಯುವಾಗಲಂತೂ ತುಂಬಾ. ಜೀವನಪೂರ್ತಿ ಬೈತೀರಾ?"

ಅವಳು ಬೂದಿಬಡಿದ ಬೆರಳಿನಿಂದ ಅವನ ಮೂಗಿನ ಮಸಿ ಒರೆಸಿದಳು. ಅದು ಇನ್ನಷ್ಟು ಹರಡಿತು.

"ಬೈತೀನಿ," ಎಂದಳು. "ಆದ್ರೆ ಮೊದಲು ಈ ನೀವು ಗೀವು ಬಿಡು."

ಒಣಗಿದ ಕಡ್ಡಿ ಮುರಿದ ಸದ್ದು. ಅಪ್ಪ ನೀರಿನ ಕ್ಯಾನು ಹಿಡಿದು ನಿಂತಿದ್ದರು. ಇಬ್ಬರೂ ತಟ್ಟನೆ ದೂರ ಸರಿದರು. ಅಪ್ಪನ ಕಣ್ಣು ಅವರನ್ನು ದಾಟಿ ಬೊಡ್ಡೆಯ ಮೇಲೆ ನೆಟ್ಟಿತು. ಅದರ ಬಿರುಕಿನಿಂದ ಎಳೆಯಂಥ ಹೊಗೆ ಏಳುತ್ತಿತ್ತು.

"ಹೊಗೆಯಾಡೋ ಬೊಡ್ಡೆ ಹತ್ರ ಇಬ್ಬರು ಕಾವಲಿರಬೇಕು. ನಿಯಮ," ಎಂದರು.

"ಒಂದು ಚೊಂಬು ನೀರು ಹಾಕಿದ್ರೆ ಆರುತ್ತಲ್ಲ ಅಪ್ಪ."

"ಆರುತ್ತೆ."

ಜೀವಮಾನದಲ್ಲಿ ಒಂದು ಕಿಡಿಯನ್ನೂ ಹಿಂದೆ ಬಿಟ್ಟು ಹೋಗದಿದ್ದ ನೀರಪ್ಪ ಒಂದು ಗಳಿಗೆ ಆ ಹೊಗೆಯನ್ನೇ ನೋಡಿದರು. ಬಿಸಿಲು ಮುದಿಮರಗಳ ಸಾಲಿನಲ್ಲಿ ಇಳಿಯುತ್ತಿತ್ತು. ಗೂಡಿನ ಕಡೆಯಿಂದ ಹಕ್ಕಿಯೊಂದು ಚಿಕ್ಕದಾಗಿ ಕೂಗಿತು. ಆಮೇಲೆ ಅವರು ಕ್ಯಾನಿನ ಮುಚ್ಚಳ ಬಿಗಿ ಮಾಡಿ, ಅದನ್ನು ಹೆಗಲಿಗೇರಿಸಿ, ಒಂದು ಹನಿಯನ್ನೂ ಅವರಿಗೆ ಬಿಡದೆ, ಜೀಪಿನ ಕಡೆಗೆ ನಡೆದರು.